ಮಲೆಸೀಮೆಯ ಸೊಲ್ಲು: ಮಕ್ಕಳ ನಾಲಗೆಗೆ ಕಾವ್ಯವೊಲಿದ ಬಗೆ

ಕಾವ್ಯವು ಪಂಡಿತರ ಸೊತ್ತೆಂದು ಲೋಕವು ನಂಬಿದ್ದ ಕಾಲದಲ್ಲಿ ಹನ್ನೆರಡನೆಯ ಶತಮಾನದ ಶಿವಶರಣರು ಅದನ್ನು ದುಡಿಯುವ ಜನರ ನಾಲಗೆಗೆ ತಂದುಕೊಟ್ಟರು. ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬಟ್ಟೆ ಮಡಿ ಮಾಡುವವರು, ಅಕ್ಕಿ ಆಯುವವರು ಕಲ್ಯಾಣದಲ್ಲಿ ವಚನಕಾರರಾದರು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ವಚನದ ಅಂಕಿತವಾಗಿ ಇರಿಸಿಕೊಂಡರು. ತನ್ನ ಮಾತಿಗೆ ತಾನೇ ಹೊಣೆಯೆಂಬ ಧೈರ್ಯವನ್ನು ಶರಣಸಂಗವು ಅವರಿಗೆ ಕೊಟ್ಟಿತ್ತು. ಇಂದು ಮಕ್ಕಳಲ್ಲಿ ಕಾವ್ಯಾಭಿರುಚಿಯನ್ನು ಬೆಳೆಸುವುದು ಹೇಗೆಂದು ಚಿಂತಿಸುವ ತಾಯಿತಂದೆಗಳೂ ಗುರುಗಳೂ ಮೊದಲು ಮನಗಾಣಬೇಕಾದದ್ದು ಈ ಧೈರ್ಯದಾನವನ್ನೇ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯವು ಇದಕ್ಕೆ ನಿದರ್ಶನ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವು ನಿರೂಪಿಸುವಂತೆ ಆ ಬಾಲಕ ಮಾತಿಲ್ಲದ ಮುಗ್ಧ. ದನ ಕಾಯುತ್ತಿದ್ದ ಅವನನ್ನು ಜನರು ಮಂದಬುದ್ಧಿಯೆಂದೇ ಬಗೆದಿದ್ದರು. ಹೊಲದಲ್ಲಿ ಜಂಗಮರೂಪಿನ ಮಲ್ಲಯ್ಯನು ಬಂದು ಅವನೊಡನೆ ಮಾತನಾಡಿದನು, ಅವನಿಂದ ಉಣಿಸನ್ನು ಬೇಡಿದನು. ಯಾರೂ ಮಾತನಾಡಿಸದಿದ್ದ ಮಗುವಿನೊಡನೆ ದೈವವೇ ಮಾತಿಗೆ ನಿಂತಿತು. ಮುಂದೆ ಅದೇ ನಾಲಗೆಯಿಂದ ಕಪಿಲಸಿದ್ಧಮಲ್ಲಿಕಾರ್ಜುನ ಅಂಕಿತದ ವಚನಗಳು ಹೊಮ್ಮಿದವು. ಮಂದವೆಂದು ತಳ್ಳಿದ ಮಗುವಿನೊಳಗೆ ಎಂತಹ ನುಡಿ ಅಡಗಿದೆಯೋ ಬಲ್ಲವರಾರು?

ಮಾದಪ್ಪನ ಮಲೆಯಲ್ಲಿ

ಶರಣರ ಈ ಬೆಳಕು ಕಾವೇರಿಯ ತೆಂಕಣ ಸೀಮೆಗೂ ಹರಿಯಿತು. ಹನೂರಿನಿಂದ ಮುಂದೆ ಸಾಗುವ ದಾರಿ ತಾಳುಬೆಟ್ಟವನ್ನೇರಿ ಎಪ್ಪತ್ತೇಳು ಮಲೆಯ ಒಡೆಯನಾದ ಮಹದೇಶ್ವರರ ಸನ್ನಿಧಿಗೆ ಸೇರುತ್ತದೆ. ಹದಿನಾಲ್ಕು–ಹದಿನೈದನೆಯ ಶತಮಾನದಲ್ಲಿದ್ದರೆಂದು ವಿದ್ವಾಂಸರು ಎಣಿಸುವ ಈ ಪವಾಡಪುರುಷರನ್ನು ಜನಪದರು ಬಾಲಕನನ್ನಾಗಿಯೂ ಕಂಡು ಹಾಡಿದ್ದಾರೆ. ಉತ್ತರಾಜಮ್ಮನ ಮಗನಾಗಿ ಬಂದ ಮಾದಪ್ಪನು ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕವನ್ನು ಕೈಗೊಂಡನೆಂಬ ಕಥೆ ಈ ಸೀಮೆಯ ಮನೆಮನೆಗೂ ತಿಳಿದದ್ದು. ಬೀಸುವ ಕಲ್ಲು ಕನ್ನಡ ನಾಡಿನ ತಾಯಂದಿರಿಗೆ ಹಾಡಿನ ಸಂಗಾತಿ. ಆ ಕಲ್ಲಿನ ಬಳಿ ದೇವರನ್ನೇ ಕೂರಿಸಿದ ಜನಪದ ಕವಿಯ ಕಲ್ಪನೆ ಎಷ್ಟು ಅರ್ಥಪೂರ್ಣ!

ಮಹದೇಶ್ವರರ ಮಹಾಕಾವ್ಯವು ಓಲೆಗರಿಯಲ್ಲಿ ಹುಟ್ಟಿದ್ದಲ್ಲ. ಅದು ಕೊರಳಿನಿಂದ ಕೊರಳಿಗೆ ದಾಟಿಬಂದದ್ದು. ಇದನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳ, ಮತ್ತೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ; ಇದೇ ಕಂಸಾಳೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಕಾವ್ಯವು ಸಾಲುಸಾಲಾಗಿ ಹರಡಿಕೊಂಡಿದ್ದು, ಇರುಳಿಡೀ ಹಾಡಿದರೂ ಮುಗಿಯುವುದಿಲ್ಲ. ಡಾ. ಪಿ. ಕೆ. ರಾಜಶೇಖರ ಅವರು ಇದನ್ನು ಸಂಗ್ರಹಿಸಿ 1973ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಅದರ ವಿಸ್ತಾರವು ಓದುಗಲೋಕಕ್ಕೆ ತಿಳಿಯಿತು.

ಇಷ್ಟು ದೊಡ್ಡ ಕಾವ್ಯವನ್ನು ಅಕ್ಷರವರಿಯದವರು ಹೇಗೆ ಕಲಿತರು? ಮೇಳದ ಕ್ರಮದಲ್ಲಿಯೇ ಇದರ ಉತ್ತರವಿದೆ. ಮುಮ್ಮೇಳದ ಹಿರಿಯನು ಕಥೆಯನ್ನು ನಡೆಸುತ್ತಾನೆ; ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹೊಸದಾಗಿ ಸೇರಿದ ಎಳೆಯನಿಗೆ ಇಡೀ ಕಥೆ ಬರಬೇಕಾಗಿಲ್ಲ. ಮರಳಿಮರಳಿ ಬರುವ ಆ ಒಂದು ಸೊಲ್ಲನ್ನು ಹಿಡಿದರೆ ಸಾಕು, ಅವನೂ ಕಾವ್ಯದ ಪಾಲುದಾರ. ಸೊಲ್ಲು ಹೇಳುತ್ತ ಹೇಳುತ್ತ ಕಥೆ ಕಿವಿಗೆ ಇಳಿಯುತ್ತದೆ, ಲಯ ಮೈಗೆ ಹತ್ತುತ್ತದೆ. ಒಂದು ದಿನ ಸೊಲ್ಲಿನವನು ಕಥೆಯವನಾಗುತ್ತಾನೆ. ಹಾಡುವಾಗ ತನ್ನ ಊರಿನ ಮಾತನ್ನೂ ತಾನು ಕಂಡ ಬೆಟ್ಟ ಹಳ್ಳಗಳನ್ನೂ ಸೇರಿಸುತ್ತಾನೆ. ಪಾಲು ಮೊದಲು, ಪಾಂಡಿತ್ಯ ಆಮೇಲೆ. ಮಲೆಸೀಮೆಯ ಕಾವ್ಯಶಿಕ್ಷಣವೆಂದರೆ ಇದೇ.

ಯಳಂದೂರಿನ ಇಬ್ಬರು ಕವಿಗಳು

ಬಾಯಿಂದ ಬಾಯಿಗೆ ಹಾಡು ಸಾಗಿದ ಈ ಸೀಮೆಯಲ್ಲಿಯೇ, ಕೊಳ್ಳೇಗಾಲಕ್ಕೆ ಸಮೀಪದ ಯಳಂದೂರಿನಲ್ಲಿ, ಬರಹದ ಕಾವ್ಯವೂ ಬೆಳಗಿತು. ಹದಿನೇಳನೆಯ ಶತಮಾನದ ವೀರಶೈವ ಮಹಾಕವಿ ಷಡಕ್ಷರದೇವರು ಯಳಂದೂರು ಮಠದ ಅಧಿಪತಿಗಳಾಗಿದ್ದರು. ಅವರ ‘ರಾಜಶೇಖರ ವಿಳಾಸ’ದಲ್ಲಿ ಕುದುರೆಯ ತುಳಿತಕ್ಕೆ ಸಿಕ್ಕಿ ಮಡಿಯುವ ಮಗು ಬಡತಾಯಿ ತಿರುಕೊಳವಿನಾಚಿಯದು. ಆ ಒಂದು ಕಂದನ ಪ್ರಾಣಕ್ಕಾಗಿ ಅರಸನ ಮಗನೇ ದಂಡನೆಗೆ ಒಳಗಾಗುತ್ತಾನೆ. ಕಡೆಗೆ ಶಿವನೇ ಬಂದು ಕಾಯುತ್ತಾನೆ. ಬಡವರ ಮಗುವಿನ ಜೀವ ರಾಜಕುಮಾರನ ಜೀವಕ್ಕೆ ಸಮನೆಂಬ ಶರಣಧರ್ಮವು ಇಲ್ಲಿ ಪ್ರೌಢಕಾವ್ಯವಾಗಿದೆ.

ಅದೇ ಯಳಂದೂರಿನವಳು ಸಂಚಿಯ ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಕೆಯ ಸಂಚಿಯನ್ನು ಹಿಡಿಯುವುದು ಅವಳ ಊಳಿಗ. ಅವಳ ಜಾಣ್ಮೆಯನ್ನು ಗುರುತಿಸಿ ಆಸ್ಥಾನಕವಿ ಸಿಂಗರಾರ್ಯರು ವಿದ್ಯೆ ಕಲಿಸಿದರು, ರಾಣಿ ದೇವಾಜಮ್ಮಣ್ಣಿ ಬೆಂಬಲವಾದರು. ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವು ಹುಟ್ಟಿತು. ಅದರಲ್ಲಿ ಸಂಪ್ರದಾಯದ ಸತೀಧರ್ಮದ ಬೋಧೆಯೇ ಹೆಚ್ಚಾದರೂ, ಹೆಣ್ಣುಮಗುವನ್ನು ಕೀಳಾಗಿ ಕಾಣುವ ಲೋಕವನ್ನು ಕವಯಿತ್ರಿ ಎದೆಗಾರಿಕೆಯಿಂದ ಪ್ರಶ್ನಿಸಿದ್ದಾಳೆ. ಊಳಿಗದ ಹೆಣ್ಣೆಂದು ಗುರುವು ಕಡೆಗಣಿಸಿದ್ದರೆ ಕನ್ನಡಕ್ಕೆ ಆ ದನಿ ದಕ್ಕುತ್ತಿರಲಿಲ್ಲ.

ಕಂಠಪಾಠದಿಂದ ಆಚೆಗೆ

ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಡಾ. ಫ. ಗು. ಹಳಕಟ್ಟಿಯವರು ತಮ್ಮ ಸರ್ವಸ್ವವನ್ನೂ ತೆತ್ತು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಆ ತಪಸ್ಸಿನ ಫಲವಾಗಿ ಇಂದು ವಚನಗಳು ಶಾಲೆಯ ಮಕ್ಕಳಿಗೂ ದೊರಕಿವೆ. ಆದರೆ ಬಹುಮಾನಕ್ಕಾಗಿ, ಅಂಕಕ್ಕಾಗಿ ಉರುಹೊಡೆದು ಒಪ್ಪಿಸುವಲ್ಲಿಗೆ ಮಗುವಿನ ನಂಟು ಮುಗಿದರೆ ಆ ಫಲ ಕೈಗೆ ಬಂದೂ ಬಾಯಿಗೆ ಬಾರದಂತೆ. ಕಂಠಪಾಠವು ಬೇಡವೆಂದಲ್ಲ; ದೇವರಗುಡ್ಡರೂ ಕಂಠದಲ್ಲಿಯೇ ಕಾವ್ಯವನ್ನು ಉಳಿಸಿದವರು. ಆದರೆ ಅವರು ಮೇಳದೊಡನೆ ಹಾಡುತ್ತ, ಕುಣಿಯುತ್ತ, ಆನಂದಿಸುತ್ತ ಕಲಿತರು. ತಪ್ಪಿದ ಎಳೆಯನನ್ನು ಹಿಮ್ಮೇಳವೇ ಎತ್ತಿಕೊಂಡು ಮುಂದೆ ನಡೆಸುತ್ತಿತ್ತು.

ಹಸಿದ ಹೊಟ್ಟೆಗೆ ಹಾಡೂ ಹಿಡಿಸದು. ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದು ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದರು. ಅನ್ನದ ದಾಸೋಹ, ಅಕ್ಷರದ ದಾಸೋಹಗಳ ಜೊತೆಗೆ ನುಡಿಯ ದಾಸೋಹವೂ ನಡೆದಾಗಲೇ ಮಗುವಿನ ಬೆಳವಣಿಗೆ ಪೂರ್ಣವಾದೀತು.

ಅದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಸಂಜೆಯ ಲಿಂಗಪೂಜೆಯ ಬಳಿಕ ಮನೆಯ ಹಿರಿಯರು ಒಂದು ವಚನವನ್ನು ಹಾಡಲಿ, ಮಗು ಸೊಲ್ಲು ಹಿಡಿಯಲಿ. ಅರ್ಥವನ್ನು ಹೇಳಿಕೊಡುವ ಮೊದಲು ಮಗುವಿಗೆ ಹೊಳೆದ ಅರ್ಥವನ್ನು ಕೇಳಲಿ. ಶರಣರು ತಮ್ಮ ದೋಣಿಯನ್ನೂ ಹಗ್ಗವನ್ನೂ ಕುರಿತು ನುಡಿದಂತೆ ಮಗುವೂ ತನ್ನ ಮನೆಯ ಕರುವನ್ನೋ, ರಾಗಿಯ ತೆನೆಯನ್ನೋ, ಶಾಲೆಯ ದಾರಿಯನ್ನೋ ಕುರಿತು ನಾಲ್ಕು ಸಾಲು ಬರೆಯಲಿ. ಕಾಗುಣಿತದ ತಪ್ಪನ್ನು ನಾಳೆ ತಿದ್ದಬಹುದು. ಇಂದು ಮುರುಟಿದ ಉತ್ಸಾಹವನ್ನು ನಾಳೆ ಚಿಗುರಿಸುವುದು ಸುಲಭವಲ್ಲ. ಬರೆದುದರ ಕೆಳಗೆ ಮಗು ತನ್ನ ಹೆಸರನ್ನು ಇಡಲಿ. ತನ್ನ ನುಡಿಗೆ ತಾನೇ ಹೊಣೆಯೆಂಬ ಶರಣರ ಪಾಠವು ಆ ಪುಟ್ಟ ಅಂಕಿತದಿಂದಲೇ ಆರಂಭವಾಗುತ್ತದೆ.