ಸಗಣಿ ಅನಿಲ ಮತ್ತು ಹೊಂಗೆ ಎಣ್ಣೆಯಿಂದ ವಾಹನ ಇಂಧನ: ಪಂಚಾಯಿತಿ, ಸಹಕಾರ ಸಂಘ ಹಾಗೂ ಗೋಶಾಲೆಗಳಿಗೆ ದೊರೆಯುವ ಸರ್ಕಾರಿ ನೆರವು

ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆ, ಗೋಶಾಲೆ ಮತ್ತು ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ಸಗಣಿ ಹಾಗೂ ಕೃಷಿ ತ್ಯಾಜ್ಯದಿಂದ ವಾಹನ ಇಂಧನ ತಯಾರಿಸುವ ಯೋಜನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಸಕ್ತಿ ತೋರುತ್ತಿವೆ. ನೆರವಿನ ಯೋಜನೆಗಳು ಹಲವು ಇವೆ. ಆದರೆ ಯಾವ ನೆರವು ಯಾವ ಗಾತ್ರದ ಘಟಕಕ್ಕೆ ಅನ್ವಯಿಸುತ್ತದೆ ಎಂಬುದನ್ನು ಅರಿಯದೆ ಸಗಣಿ ಪೂರೈಕೆಯ ಕರಾರಿಗೆ ಸಹಿ ಹಾಕಿದಲ್ಲಿ ನಷ್ಟ ಅನುಭವಿಸುವವರು ರೈತರೇ. ಆದ್ದರಿಂದ ಮೊದಲು ಲೆಕ್ಕವನ್ನು ತಿಳಿದುಕೊಳ್ಳುವುದು ಸೂಕ್ತ.

ಒಂದು ಕಿಲೋ ಅನಿಲಕ್ಕೆ ಎಷ್ಟು ಸಗಣಿ?

ಒಂದು ಕಿಲೋ ತಾಜಾ ಸಗಣಿಯಿಂದ ಸುಮಾರು 0.04 ಘನ ಮೀಟರ್ ಜೈವಿಕ ಅನಿಲ ದೊರೆಯುತ್ತದೆ. ಇದರಲ್ಲಿ ಮೀಥೇನ್ ಪ್ರಮಾಣ ಶೇ. 55ರಿಂದ 60 ಮಾತ್ರ. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ವಾಹನಕ್ಕೆ ಬಳಸಲು ಇದನ್ನು ಶುದ್ಧೀಕರಿಸಿ ಮೀಥೇನ್ ಅಂಶವನ್ನು ಶೇ. 90ಕ್ಕಿಂತ ಹೆಚ್ಚಿಸಿ, ಅಧಿಕ ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು. ಇದೇ ಸಂಕುಚಿತ ಜೈವಿಕ ಅನಿಲ (ಸಿಬಿಜಿ). ಸರ್ಕಾರಿ ಮಾರ್ಗಸೂಚಿಯಲ್ಲಿ 12,000 ಘನ ಮೀಟರ್ ಜೈವಿಕ ಅನಿಲವನ್ನು 4,800 ಕಿಲೋ ಸಿಬಿಜಿಗೆ ಸಮವೆಂದು ಪರಿಗಣಿಸಲಾಗಿದೆ. ಅಂದರೆ ಒಂದು ಕಿಲೋ ಸಿಬಿಜಿಗೆ ಎರಡೂವರೆ ಘನ ಮೀಟರ್ ಅನಿಲ, ಸುಮಾರು 60 ಕಿಲೋ ಸಗಣಿ ಬೇಕು. ಮಿಶ್ರತಳಿ ಹಸುವೊಂದು ದಿನಕ್ಕೆ 10ರಿಂದ 15 ಕಿಲೋ ಸಗಣಿ ನೀಡುತ್ತದೆ ಎಂದುಕೊಂಡರೆ, ಐದು ಹಸುಗಳ ಒಂದು ದಿನದ ಸಗಣಿಗೆ ಒಂದು ಕಿಲೋ ಇಂಧನ.

ದಿನಕ್ಕೆ 4,800 ಕಿಲೋ ಉತ್ಪಾದಿಸುವ ಸ್ಥಾವರ ಕೇವಲ ಸಗಣಿಯನ್ನೇ ಅವಲಂಬಿಸಿದರೆ ನಿತ್ಯ 300 ಟನ್ ಬೇಕು. ಅಂದರೆ ಸುಮಾರು 25,000 ರಾಸುಗಳು. ಯಾವ ಒಂದು ಗ್ರಾಮ ಪಂಚಾಯಿತಿಯಲ್ಲಿಯೂ ಇಷ್ಟು ರಾಸುಗಳಿರುವುದಿಲ್ಲ. ಇಂದೋರ್ ನಗರಪಾಲಿಕೆಯ ಸ್ಥಾವರ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡು ನಗರ ಬಸ್ಸುಗಳಿಗೆ ಅನಿಲ ಒದಗಿಸುತ್ತಿರುವುದನ್ನು ಅನೇಕರು ಉದಾಹರಿಸುತ್ತಾರೆ. ಅದರ ಸಾಮರ್ಥ್ಯ ದಿನಕ್ಕೆ 550 ಟನ್ ಹಸಿ ಕಸ. ಅದು ಮಹಾನಗರದ ಕಸ. ಮನೆಬಾಗಿಲಿನಲ್ಲಿಯೇ ಬೇರ್ಪಡಿಸಿ ಸಂಗ್ರಹವಾಗುತ್ತದೆ. ಹಳ್ಳಿಗೆ ಹತ್ತಿರದ ಮಾದರಿ ಗುಜರಾತಿನ ಬನಾಸಕಾಂಠಾ ಹಾಲು ಒಕ್ಕೂಟದ್ದು. ಅಲ್ಲಿ ದಿನಕ್ಕೆ 40 ಟನ್ ಸಾಮರ್ಥ್ಯದ ಘಟಕಕ್ಕೆ ಸುತ್ತಲಿನ ರೈತರಿಂದ ಸಗಣಿ ಖರೀದಿಸಲಾಗುತ್ತದೆ.

ಮಲೆನಾಡಿನ ಪರಿಸ್ಥಿತಿ ಇನ್ನೂ ಭಿನ್ನ. ಮಲೆನಾಡು ಗಿಡ್ಡ ತಳಿಯ ದೇಹತೂಕ ಕಡಿಮೆ. ಹಗಲು ಮೇಯಲು ಹೋಗುವುದರಿಂದ ಕೊಟ್ಟಿಗೆಯಲ್ಲಿ ದೊರೆಯುವ ಸಗಣಿಯೂ ಕಡಿಮೆ. ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗಗಳಲ್ಲಿ ಕೊಟ್ಟಿಗೆಗೆ ಸೊಪ್ಪು, ದರಗು ಹಾಸುವ ಪದ್ಧತಿಯಿದೆ. ಹಾಸು ಬೆರೆತ ಸಗಣಿ ಡೈಜೆಸ್ಟರಿನಲ್ಲಿ ಕೆನೆಗಟ್ಟಿ ಕೊಳವೆಗಳನ್ನು ಮುಚ್ಚುತ್ತದೆ. ಅಡಿಕೆ ಸಿಪ್ಪೆಯನ್ನೂ ಸೇರಿಸಬಹುದೇ ಎಂದು ಹಲವರು ಕೇಳುತ್ತಾರೆ. ಲಿಗ್ನಿನ್ ಅಧಿಕವಿರುವ ಕಾರಣ ಅದು ಸುಲಭವಾಗಿ ಜೀರ್ಣವಾಗದು. ಕಾಂಪೋಸ್ಟ್ ಮಾಡುವುದೇ ಲೇಸು. ಭದ್ರಾವತಿ, ಶಿಕಾರಿಪುರದ ಬಯಲು ಭಾಗದಲ್ಲಿ ಕಟ್ಟಿ ಸಾಕುವ ಹಸುಗಳು ಒಂದೆಡೆ ಇರುವಲ್ಲಿ ಅವಕಾಶ ಹೆಚ್ಚು.

ದೊರೆಯುವ ನೆರವು

ಕುಟುಂಬ ಅಥವಾ ಸಣ್ಣ ಸಂಸ್ಥೆಗಳ 1ರಿಂದ 25 ಘನ ಮೀಟರ್ ಘಟಕಗಳಿಗೆ, 2022ರ ನವೆಂಬರಿನಲ್ಲಿ ಮಾರ್ಗಸೂಚಿ ಪ್ರಕಟವಾದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದಡಿ ಗಾತ್ರಾನುಸಾರ ರೂ. 9,800ರಿಂದ 70,400ರವರೆಗೆ ಸಹಾಯಧನ ನಿಗದಿಯಾಗಿದೆ. ಇವು ಅಡುಗೆಗೆ, ಪಂಪ್ ಅಥವಾ ಜನರೇಟರಿಗೆ ಉಪಯುಕ್ತವೇ ಹೊರತು ವಾಹನಕ್ಕಲ್ಲ. ಈ ಗಾತ್ರದಲ್ಲಿ ಶುದ್ಧೀಕರಣದ ವೆಚ್ಚ ಗಿಟ್ಟುವುದಿಲ್ಲ. ಗೋಬರ್ ಗ್ಯಾಸನ್ನು ಸಿಲಿಂಡರಿಗೆ ತುಂಬಿ ಬೈಕ್ ಓಡಿಸುವ ವಿಡಿಯೊಗಳನ್ನು ನೋಡಿ ಪ್ರಯೋಗಕ್ಕಿಳಿಯಬೇಡಿ. ಅನಿಲದಲ್ಲಿನ ಹೈಡ್ರೋಜನ್ ಸಲ್ಫೈಡ್ ಲೋಹವನ್ನು ಕೊರೆಯುತ್ತದೆ, ಸಿಲಿಂಡರ್ ಸಿಡಿಯಬಹುದು.

ಸಮುದಾಯ ಘಟಕಗಳಿಗೆ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತದ ಗೋಬರ್‌ಧನ್ ಯೋಜನೆಯಡಿ ಪ್ರತಿ ಜಿಲ್ಲೆಗೆ ಗರಿಷ್ಠ ರೂ. 50 ಲಕ್ಷದವರೆಗೆ ನೆರವಿದೆ. ಈ ಮೊತ್ತ ಇಡೀ ಜಿಲ್ಲೆಗೆ ಎಂಬುದನ್ನು ಗಮನಿಸಬೇಕು. ಪ್ರಸ್ತಾವನೆಯನ್ನು ಪಿಡಿಒ ಮೂಲಕ ಜಿಲ್ಲಾ ಪಂಚಾಯಿತಿಗೆ ಸಲ್ಲಿಸಬೇಕು.

ದೊಡ್ಡ ಸಿಬಿಜಿ ಸ್ಥಾವರಗಳಿಗೆ ದಿನಕ್ಕೆ 4,800 ಕಿಲೋ ಸಾಮರ್ಥ್ಯಕ್ಕೆ ರೂ. 4 ಕೋಟಿಯಂತೆ, ಒಂದು ಯೋಜನೆಗೆ ಗರಿಷ್ಠ ರೂ. 10 ಕೋಟಿ ಕೇಂದ್ರ ನೆರವು ಇದೆ. ಗೋಶಾಲೆಗಳಿಗೆ ಇದು ಶೇ. 20ರಷ್ಟು ಹೆಚ್ಚು. ಸ್ಥಾವರ ಪರೀಕ್ಷೆಯಲ್ಲಿ ಸಾಬೀತುಪಡಿಸಿದ ಉತ್ಪಾದನೆಗೆ ತಕ್ಕಂತೆ ಹಣದ ಲೆಕ್ಕವಾಗುವುದರಿಂದ, ಸಗಣಿ ಸಾಲದೆ ಅರ್ಧ ಸಾಮರ್ಥ್ಯದಲ್ಲಿ ನಡೆಯುವ ಘಟಕಕ್ಕೆ ಪೂರ್ಣ ನೆರವು ಸಿಗದು. ಅನಿಲದ ಮಾರಾಟಕ್ಕೆ 2018ರ ಅಕ್ಟೋಬರಿನಲ್ಲಿ ಆರಂಭವಾದ ‘ಸತತ್’ ಉಪಕ್ರಮದಡಿ ತೈಲ ಕಂಪನಿಗಳು ಖರೀದಿ ಪತ್ರ ನೀಡುತ್ತವೆ. ಈ ಎಲ್ಲ ಕಾರ್ಯಕ್ರಮಗಳಿಗೂ ಅವಧಿಯ ಮಿತಿ ಇರುವುದರಿಂದ, ಅರ್ಜಿಗೆ ಮುನ್ನ ಚಾಲ್ತಿಯಲ್ಲಿರುವ ಆದೇಶವನ್ನು ಪರಿಶೀಲಿಸುವುದು ಅತ್ಯವಶ್ಯ.

ಬಗ್ಗಡ ಯಾರಿಗೆ?

ನನ್ನ ಅಭಿಪ್ರಾಯದಲ್ಲಿ ಅನಿಲದ ದರಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅನಿಲವಾಗಿ ಹೊರಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಬಗ್ಗಡದಲ್ಲಿಯೇ ಉಳಿಯುತ್ತವೆ. ಸಗಣಿ ಮಾರಿ ಬಗ್ಗಡ ಮರಳಿ ಪಡೆಯದ ಅಡಿಕೆ ತೋಟ ಅಥವಾ ಗದ್ದೆಯು ಮೂರ್ನಾಲ್ಕು ವರ್ಷಗಳಲ್ಲಿ ಸಾವಯವ ಅಂಶ ಕಳೆದುಕೊಂಡು ರಸಗೊಬ್ಬರದ ಖರ್ಚು ಹೆಚ್ಚಿಸುತ್ತದೆ. ನೀಡಿದ ಸಗಣಿಗೆ ಪ್ರತಿಯಾಗಿ ಇಂತಿಷ್ಟು ಬಗ್ಗಡ ಉಚಿತವಾಗಿ ಅಥವಾ ನಿಗದಿತ ದರದಲ್ಲಿ ಹಿಂತಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ. 2023ರಲ್ಲಿ ಘೋಷಿಸಲಾದ ಟನ್ನಿಗೆ ರೂ. 1,500ರ ಮಾರುಕಟ್ಟೆ ಅಭಿವೃದ್ಧಿ ನೆರವು ಗೊಬ್ಬರ ಮಾರುವವರಿಗೆ ಸಲ್ಲುತ್ತದೆ, ಸಗಣಿ ಕೊಟ್ಟ ರೈತರಿಗಲ್ಲ. ಸಗಣಿಯಲ್ಲಿ ಶೇ. 80ರಷ್ಟು ನೀರೇ ಇರುವುದರಿಂದ ದೂರದ ಸಾಗಣೆ ಲಾಭವನ್ನು ನುಂಗುತ್ತದೆ. ಸಾಗಣೆ ವೆಚ್ಚ ಯಾರದೆಂಬುದೂ ಲಿಖಿತವಾಗಿರಲಿ.

ಹೊಂಗೆಯ ಮಾತು

ಕರ್ನಾಟಕವು 2009ರಲ್ಲಿಯೇ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ರೈತರ ಜಮೀನಿಗೆ ‘ಬರಡು ಬಂಗಾರ’, ಸರ್ಕಾರಿ ಹಾಗೂ ಅರಣ್ಯ ಭೂಮಿಗೆ ‘ಹಸಿರು ಹೊನ್ನು’ ಕಾರ್ಯಕ್ರಮಗಳಡಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ನೆಡಲಾಯಿತು. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನವು ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನು ಕಟ್ಟಿತು. ರಾಜ್ಯ ಜೈವಿಕ ಇಂಧನ ಮಂಡಳಿಯು ಕೃಷಿ ವಿಶ್ವವಿದ್ಯಾಲಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಮಾಹಿತಿ ಮತ್ತು ಪ್ರಾತ್ಯಕ್ಷಿಕೆ ಕೇಂದ್ರಗಳಿಗೆ ಅನುದಾನ ನೀಡಿತು; ಕೆಎಸ್‌ಆರ್‌ಟಿಸಿ ಬಸ್ಸುಗಳೂ ಜೈವಿಕ ಡೀಸೆಲ್ ಮಿಶ್ರಣದಲ್ಲಿ ಓಡಿದವು.

ಸಾಮಾನ್ಯ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಹೊಂಗೆ ಬೀಜ ಬೇಕು. ಗಿಡ ಫಲ ಕೊಡಲು ಐದಾರು ವರ್ಷ ಕಾಯಬೇಕು. ಆದ್ದರಿಂದ ಸಾಗುವಳಿ ಜಮೀನನ್ನು ಇದಕ್ಕೆ ಮೀಸಲಿಡದೆ ಬದು, ಹಳ್ಳದ ಅಂಚು, ರಸ್ತೆ ಬದಿಗಳಲ್ಲಿ ಬೆಳೆಸುವುದು ಉತ್ತಮ. ಹಸಿ ಎಣ್ಣೆಯನ್ನು ನೇರವಾಗಿ ಟ್ರ್ಯಾಕ್ಟರಿಗೆ ಹಾಕಬಾರದು; ಅದರ ಜಿಗುಟುತನದಿಂದ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಹಿಂಡಿಯು ಸಾರಜನಕಯುಕ್ತ ಉತ್ತಮ ಗೊಬ್ಬರ. ಸ್ತ್ರೀಶಕ್ತಿ ಸಂಘಗಳು ಬೀಜ ಮಾರುವ ಬದಲು ಎಣ್ಣೆ ತೆಗೆಸಿ ಹಿಂಡಿಯನ್ನು ಊರಿನ ತೋಟಗಳಿಗೇ ಮಾರಿದರೆ ಆದಾಯ ಹೆಚ್ಚು.

ಸಂಸ್ಥೆಗಳು ಯೋಜನಾ ವರದಿಗೆ ಮುನ್ನ ಐದು ಕಿ.ಮೀ. ವ್ಯಾಪ್ತಿಯ ಕಟ್ಟಿ ಸಾಕುವ ರಾಸುಗಳ ಎಣಿಕೆಯನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಬೇಕು. ಬಗ್ಗಡ ಬಳಕೆಯ ಪ್ರಮಾಣ ಹಾಗೂ ಮಣ್ಣು ಪರೀಕ್ಷೆಯ ಸಲಹೆಗೆ ನವುಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.