ಅನಿರ್ದಿಷ್ಟ ಸದಸ್ಯರು: ಕರ್ನಾಟಕದ ಸೇವಾ ವ್ಯಾಜ್ಯಗಳಲ್ಲಿ ಸಂಘ, ಪಟ್ಟಿ ಮತ್ತು ಬೆಂಬಲ

ಸರ್ಕಾರದ ನೇಮಕಾತಿ ನೀತಿಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದ ಪ್ರಕರಣಗಳನ್ನು ನಾವು ಸಾಮಾನ್ಯವಾಗಿ ತೀರ್ಪಿನ ಕಡೆಯಿಂದಲೇ ಓದುತ್ತೇವೆ. ಯಾವ ಪೀಠ, ಯಾವ ವಿಧಿ, ಯಾರು ಗೆದ್ದರು ಎಂಬಲ್ಲಿಗೆ ಓದು ಮುಗಿಯುತ್ತದೆ. ಅರ್ಜಿದಾರರ ಬೆನ್ನಿಗೆ ಯಾರು ನಿಂತಿದ್ದರು, ಏನು ಹಿಡಿದುಕೊಂಡು ನಿಂತಿದ್ದರು ಎಂಬುದು ಕಾನೂನು ವರದಿಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ. ಆ ಒಂದೆರಡು ಸಾಲುಗಳನ್ನೇ ಹಿಡಿದು ಕರ್ನಾಟಕದ ಕೆಲವು ಪ್ರಕರಣಗಳನ್ನು ಮತ್ತೆ ಓದುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ನೌಕರರ ಪರವಾಗಿ ನಿಲ್ಲುವ ಸಂಘ ಸಂಸ್ಥೆಗಳ ಬಲ ಸದಸ್ಯರ ಸಂಖ್ಯೆಯಲ್ಲಿಲ್ಲ, ಅವರು ಕೋರ್ಟಿನ ಮುಂದಿಡುವ ಪಟ್ಟಿಯಲ್ಲಿದೆ. ಹೆಸರು, ಹುದ್ದೆ, ಸೇರಿದ ದಿನ, ಕೆಲಸ ಮಾಡಿದ ದಿನಗಳು ಇರುವ ಪಟ್ಟಿ ಇದ್ದಾಗ ನ್ಯಾಯಾಲಯ ಕೈ ಹಿಡಿದಿದೆ. ಇಲ್ಲದಾಗ ಕೈ ಬಿಟ್ಟಿದೆ.

ತುಮಕೂರಿನ ಕಡೆಯವರಿಗೆ ಇದು ದೂರದ ವಿಷಯವಲ್ಲ. ಕ್ಯಾತ್ಸಂದ್ರದ ಸಿದ್ಧಗಂಗಾ ಮಠದಲ್ಲಿ ಉಚಿತವಾಗಿ ಉಂಡು, ಉಳಿದು, ಓದಿ ಹೋದ ಸಾವಿರಾರು ಹಳ್ಳಿ ಹುಡುಗರಿಗೆ ಸರ್ಕಾರಿ ನೌಕರಿ ಮನೆತನವನ್ನೇ ಮೇಲೆತ್ತುವ ದಾರಿಯಾಗಿತ್ತು, ಈಗಲೂ ಆಗಿದೆ. ಆ ದಾರಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರ ಜೊತೆಗೆ ಇನ್ನೊಂದು ಸಾಲಿನವರೂ ಇದ್ದರು. ರಾಜ್ಯದ ಉದ್ದಗಲಕ್ಕೂ ಕಚೇರಿಗಳಲ್ಲಿ ದಿನಗೂಲಿಯ ಮೇಲೆ ಬೆರಳಚ್ಚುಗಾರ, ಸಾಕ್ಷರ ಸಹಾಯಕ, ಕಾವಲುಗಾರ ಎಂದು ಸೇರಿ, ಇವತ್ತಲ್ಲ ನಾಳೆ ಖಾಯಂ ಆಗುತ್ತದೆ ಎಂದು ಕಾದವರು ಅವರು. 1970 ಮತ್ತು 80ರ ದಶಕಗಳಲ್ಲಿ ಲೋಕೋಪಯೋಗಿ, ನೀರಾವರಿ, ವಾಣಿಜ್ಯ ತೆರಿಗೆ ಇಲಾಖೆಗಳು ಹೀಗೆಯೇ ನಡೆದವು. ಹುದ್ದೆ ಇರುತ್ತಿತ್ತು, ಕೆಲಸ ಇರುತ್ತಿತ್ತು, ನೇಮಕಾತಿ ಆದೇಶ ಮಾತ್ರ ಇರುತ್ತಿರಲಿಲ್ಲ.

ಈ ಸಾಲಿನವರ ಮೊದಲ ದೊಡ್ಡ ಗೆಲುವು ಧಾರವಾಡದಿಂದ ಬಂತು. ಧಾರವಾಡ ಜಿಲ್ಲಾ ಲೋಕೋಪಯೋಗಿ ಇಲಾಖೆಯ ಸಾಕ್ಷರ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದಲ್ಲಿ ಇಂಥವರು ಸುಮಾರು 50,000 ಮಂದಿ ಇದ್ದಾರೆ, ಅವರಲ್ಲಿ ಅನೇಕರು 16ರಿಂದ 20 ವರ್ಷ ದುಡಿದಿದ್ದಾರೆ ಎಂಬುದು ಅದರ ಅಹವಾಲು. 1990ರ ಫೆಬ್ರವರಿಯ ತೀರ್ಪಿನಲ್ಲಿ ನ್ಯಾಯಾಲಯ ಬರೀ ಸಹಾನುಭೂತಿಯ ಮಾತಾಡಲಿಲ್ಲ, ಒಂದು ಯೋಜನೆಯನ್ನೇ ರೂಪಿಸಿಕೊಟ್ಟಿತು. 1984ರ ಜುಲೈ 1ಕ್ಕೆ ಮೊದಲು ಸೇರಿದವರನ್ನು ಮಾಸಿಕ ವೇತನಕ್ಕೆ ತರಬೇಕು; ಹತ್ತು ವರ್ಷ ಪೂರೈಸಿದವರಲ್ಲಿ 18,600 ಮಂದಿಯನ್ನು ಸೇವಾ ಹಿರಿತನ ಮತ್ತು ಯೋಗ್ಯತೆ ನೋಡಿ 1990ರ ಜನವರಿ 1ರಿಂದಲೇ ಖಾಯಂ ಮಾಡಬೇಕು; ಉಳಿದವರನ್ನು ಹಂತಹಂತವಾಗಿ. ಈ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ 18,600 ಎಂಬ ಅಂಕಿ. ಎಣಿಸಬಹುದಾದ ಜನ, ಗೆರೆ ಎಳೆಯಬಹುದಾದ ದಿನಾಂಕ, ಬಜೆಟ್ಟಿನಲ್ಲಿ ಕೂರಿಸಬಹುದಾದ ಖರ್ಚು. ಸಂಘದ ಬೇಡಿಕೆ ಎಣಿಕೆಗೆ ಸಿಕ್ಕಿದ್ದರಿಂದಲೇ ಅದು ಆದೇಶವಾಯಿತು.

1984ರ ಆ ಗೆರೆಯ ಆಚೆ ಉಳಿದವರ ಕಥೆ ಬೇರೆ. ದಿನಗೂಲಿ ನೇಮಕ ಕೂಡದು ಎಂದು ಸರ್ಕಾರ ಹೇಳುತ್ತಿತ್ತು. ಇಲಾಖೆಗಳು ನೇಮಿಸಿಕೊಳ್ಳುತ್ತಲೇ ಇದ್ದವು. ವಾಣಿಜ್ಯ ತೆರಿಗೆ ಇಲಾಖೆಯ ಕೆಲವು ಜಿಲ್ಲೆಗಳ ಕಚೇರಿಗಳಿಗೆ 1985–86ರಿಂದ ಹೀಗೆ ಬಂದವರು ಹತ್ತು ವರ್ಷ ದಾಟಿದ ಮೇಲೆ ಖಾಯಮಾತಿ ಮತ್ತು ಸಮಾನ ವೇತನ ಕೇಳಿದರು. ಆಡಳಿತ ನ್ಯಾಯಮಂಡಳಿ, ನಮ್ಮವರ ಬಾಯಲ್ಲಿ ಕೆಎಟಿ, ಅರ್ಜಿಯನ್ನು ತಳ್ಳಿಹಾಕಿತು. ಹೈಕೋರ್ಟಿನ ವಿಭಾಗೀಯ ಪೀಠ ಅವರ ಪರ ನಿಂತಿತು. ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪೇ ಇಂದು ದೇಶದ ಯಾವ ಸರ್ಕಾರಿ ವಕೀಲರನ್ನು ಕೇಳಿದರೂ ನಾಲಿಗೆಯ ತುದಿಯಲ್ಲಿರುವ ಉಮಾದೇವಿ ಪ್ರಕರಣ. ನ್ಯಾಯಮೂರ್ತಿ ಪಿ.ಕೆ. ಬಾಲಸುಬ್ರಮಣ್ಯನ್ ಬರೆದ ಆ ತೀರ್ಪಿನ ಸಾರ ಎಲ್ಲರಿಗೂ ಗೊತ್ತು: ಸಾರ್ವಜನಿಕ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಹಿಂಬಾಗಿಲಿನಿಂದ ಬಂದವರನ್ನು ಕೋರ್ಟುಗಳು ಖಾಯಂ ಮಾಡಿಸಕೂಡದು.

ಆದರೆ ಆ ತೀರ್ಪಿನ ಕೊನೆಯ ಪ್ಯಾರಾಗಳನ್ನು ಬಿಡಿಸಿ ನೋಡಬೇಕು. ಸೋತರು ಎನ್ನಲಾಗುವ ವಾಣಿಜ್ಯ ತೆರಿಗೆ ದಿನಗೂಲಿಗಳಿಗೆ ಬರಿಗೈ ಆಗಲಿಲ್ಲ. ಅವರ ದರ್ಜೆಯ ಕನಿಷ್ಠ ವೇತನವನ್ನು ಹೈಕೋರ್ಟ್ ತೀರ್ಪಿನ ದಿನದಿಂದ ಕೊಡಬೇಕು, ಆ ಹುದ್ದೆಗಳನ್ನು ತುಂಬುವಾಗ ವಯೋಮಿತಿ ಸಡಿಲಿಸಿ ಅನುಭವಕ್ಕೆ ಬೆಲೆ ಕೊಡಬೇಕು ಎಂದು ಪೀಠ ಹೇಳಿತು. ಅದೇ ದಿನ, ಅದೇ ಪೀಠದ ಮುಂದೆ ಇನ್ನೊಂದು ಕಂತೆ ಮೇಲ್ಮನವಿಗಳಿದ್ದವು. 1984ರ ನಂತರ ಸೇರಿದವರ ಪರವಾಗಿ ಒಂದು ಸಂಘ ನಡೆಸಿದ ವ್ಯಾಜ್ಯ ಅದು. ಅದಕ್ಕೆ ಯಾವ ಪರಿಹಾರವೂ ಸಿಗಲಿಲ್ಲ. ಸರ್ಕಾರದ ನಿಷೇಧ ಮೀರಿ ಆದ ನೇಮಕಗಳು ಎಂಬುದು ಒಂದು ಕಾರಣ. ಇಷ್ಟೇ ಜನ ಎಂದು ಗೊತ್ತಿಲ್ಲದ, ಅನಿರ್ದಿಷ್ಟ ಸಂಖ್ಯೆಯ ಸದಸ್ಯರಿಗೆ ಪರಿಹಾರ ಕೊಡುವುದಂತೂ ಸಾಧ್ಯವಿಲ್ಲ ಎಂಬುದನ್ನೂ ಪೀಠ ಒತ್ತಿ ಹೇಳಿತು. ಧಾರವಾಡದ ಸಂಘ ಗೆದ್ದು ಹದಿನಾರು ವರ್ಷದ ಮೇಲೆ ಇನ್ನೊಂದು ಸಂಘ ಸೋತದ್ದರಲ್ಲಿ ಕಾಲದ ಪಾತ್ರ, ಆರ್ಥಿಕ ನೀತಿಯ ಪಾತ್ರ ಖಂಡಿತ ಇದೆ. ಉದಾರೀಕರಣದ ನಂತರದ ನ್ಯಾಯಾಲಯ 1990ರ ನ್ಯಾಯಾಲಯವಲ್ಲ ಎಂದು ಹೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಅನಿರ್ದಿಷ್ಟ ಎಂಬ ಆಕ್ಷೇಪಣೆಗೆ ಅವಕಾಶವನ್ನೇ ಕೊಡದಂತೆ ತಡೆಯುವುದು ಸಂಘದ ಕೈಯಲ್ಲೇ ಇದ್ದ ಕೆಲಸ.

ಉಮಾದೇವಿ ತೀರ್ಪಿನ 53ನೆಯ ಪ್ಯಾರಾ ಬಿಟ್ಟ ಕಿಂಡಿಯೂ ಪಟ್ಟಿಯ ಮೇಲೆಯೇ ನಿಂತಿದೆ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ನೆರಳಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಬಹುದು, ಆರು ತಿಂಗಳಲ್ಲಿ ಕೆಲಸ ಶುರುವಾಗಬೇಕು ಎಂದಿತು. ನೇಮಕದಲ್ಲಿ ಕ್ರಮ ತಪ್ಪಿದ್ದು ಬೇರೆ, ನೇಮಕವೇ ಕಾನೂನುಬಾಹಿರವಾಗಿರುವುದು ಬೇರೆ ಎಂಬ ಭೇದಕ್ಕೆ ಪೀಠ ಆಧಾರವಾಗಿ ಹಿಡಿದ ಹಳೆಯ ತೀರ್ಪುಗಳೂ ನಮ್ಮ ನೆಲದವೇ: ಎಸ್.ವಿ. ನಾರಾಯಣಪ್ಪ, ಬಿ.ಎನ್. ನಾಗರಾಜನ್, ಮತ್ತು 1972ರ ಆರ್.ಎನ್. ನಂಜುಂಡಪ್ಪ ಪ್ರಕರಣ. ಕೊನೆಯದ್ದು ಕೋಲಾರ ಚಿನ್ನದ ಗಣಿಯ ಊರಿಗಾಂನ ಗಣಿ ಶಾಲೆಯ ಪ್ರಾಂಶುಪಾಲರ ಹುದ್ದೆಯ ಜಗಳ. ಭಾರತದ ಸೇವಾ ಕಾನೂನಿನ ಈ ಮುಖ್ಯ ಭೇದ ಮೈಸೂರು ಸಂಸ್ಥಾನದ ಉತ್ತರಾಧಿಕಾರಿ ರಾಜ್ಯದ ಕಚೇರಿಗಳಲ್ಲಿ ಹುಟ್ಟಿ ಬೆಳೆಯಿತು ಎಂಬುದನ್ನು ನಮ್ಮ ಆಡಳಿತ ಚರಿತ್ರೆಗಳು ಇನ್ನೂ ಸರಿಯಾಗಿ ದಾಖಲಿಸಿಲ್ಲ.

ಕಿಂಡಿ ಇದ್ದರೂ ಇಲಾಖೆಗಳು ನಿಷೇಧವನ್ನಷ್ಟೇ ಓದಿದವು. 2010ರ ಆಗಸ್ಟಿನಲ್ಲಿ ಎಂ.ಎಲ್. ಕೇಸರಿ ಪ್ರಕರಣ ಬಂದಾಗ, ಗದಗ ಜಿಲ್ಲಾ ಪಂಚಾಯಿತಿಯಲ್ಲಿ 1985ರಿಂದ ದುಡಿದವರ ವಿರುದ್ಧ ರಾಜ್ಯ ಸರ್ಕಾರ ಹೂಡಿದ ಮೇಲ್ಮನವಿಯಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ಇದನ್ನು ತಿದ್ದಿತು. ಅರ್ಹರೆಲ್ಲರನ್ನೂ ಪರಿಗಣಿಸುವವರೆಗೆ ಒಂದು ಬಾರಿಯ ಕ್ರಮ ಮುಗಿದಂತಲ್ಲ; ಪ್ರತಿ ಇಲಾಖೆಯೂ 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ದಾಟಿದವರ ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ಪರಿಶೀಲಿಸಬೇಕಿತ್ತು ಎಂದಿತು. ಸಂಘ ಮಾಡಬೇಕಿದ್ದ ಪಟ್ಟಿಯನ್ನು ಮಾಡುವಂತೆ ನ್ಯಾಯಾಲಯ ಸರ್ಕಾರಕ್ಕೇ ಹೇಳಿದ ಹಾಗಾಯಿತು. ಮುಂದೆ 2012ರ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ಬಂದಾಗಲೂ 60 ವರ್ಷದವರೆಗೆ ಕೆಲಸದ ಭದ್ರತೆ ಸಿಕ್ಕಿದ್ದು ಅಧಿಸೂಚಿತರಾದ ನೌಕರರಿಗೆ. ಅಧಿಸೂಚನೆಯಲ್ಲಿ ಹೆಸರು ಬಿಟ್ಟುಹೋದವನಿಗೆ ಕಾಯ್ದೆಯೇ ಇಲ್ಲ.

ಬೆಂಬಲಕ್ಕೆ ಕಾನೂನು ತೆರೆದಿಟ್ಟ ಬಾಗಿಲುಗಳು ಯಾವುವು? ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದು ತಕ್ಷಣ ನೆನಪಾಗುತ್ತದೆ. ಸೇವಾ ವಿಷಯಗಳಲ್ಲಿ ಆ ಬಾಗಿಲು ಬಹುತೇಕ ಮುಚ್ಚಿದೆ. ಆಡಳಿತ ನ್ಯಾಯಮಂಡಳಿಗೆ ಹಿತಾಸಕ್ತಿ ಅರ್ಜಿ ಹಾಕುವಂತಿಲ್ಲ, ಬಾಧೆಗೊಳಗಾದವರೇ ಬರಬೇಕು ಎಂದು 1998ರ ದುರ್ಯೋಧನ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಹಾಗಾಗಿ ಬೆಂಬಲಿಗರಿಗೆ ಉಳಿಯುವುದು ಅರ್ಜಿದಾರರಾಗಿ ನೌಕರರ ಸಂಘ, ನಡೆಯುತ್ತಿರುವ ಪ್ರಕರಣದಲ್ಲಿ ಮಧ್ಯಪ್ರವೇಶ, ಮತ್ತು ಕಾನೂನು ನೆರವು.

ಮಧ್ಯಪ್ರವೇಶದ ಒಳ್ಳೆಯ ಉದಾಹರಣೆ ಇತ್ತೀಚಿನದೇ. ವಿಶೇಷ ಮೀಸಲು ಪೊಲೀಸ್ ಕಾನ್‌ಸ್ಟೇಬಲ್ ಮತ್ತು ಬ್ಯಾಂಡ್ಸ್‌ಮನ್ ಹುದ್ದೆಗಳ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಕಲಂ ಇತ್ತು. ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವ ಸಂಗಮ ಸಂಸ್ಥೆ 2020ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಜೀವ ಸಂಸ್ಥೆ ಮಧ್ಯಪ್ರವೇಶಿಸಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ವರ್ಗ ಬೇಡ, ಎಲ್ಲ ಜಾತಿ ವರ್ಗಗಳ ಒಳಗೂ ಹಾದುಹೋಗುವ ಸಮತಲ ಮೀಸಲಾತಿ ಬೇಕು ಎಂದು ವಾದಿಸಿತು. ದಲಿತ ಲಿಂಗತ್ವ ಅಲ್ಪಸಂಖ್ಯಾತರು ಎರಡು ಗುರುತುಗಳಲ್ಲಿ ಒಂದನ್ನು ಬಿಟ್ಟುಕೊಡಬೇಕಾದ ಸ್ಥಿತಿ ಬರದಂತೆ ಮಾಡಿದ ವಾದ ಅದು. 2021ರ ಜುಲೈನಲ್ಲಿ ಸರ್ಕಾರ 1977ರ ಸಾಮಾನ್ಯ ನೇಮಕಾತಿ ನಿಯಮಗಳನ್ನು ತಿದ್ದಿ ಶೇ. 1 ಸಮತಲ ಮೀಸಲಾತಿ ಕೊಟ್ಟಿತು. ಹೀಗೆ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಇಲ್ಲಿ ಪಟ್ಟಿ ಬೇಕಾಗಲಿಲ್ಲ, ಏಕೆಂದರೆ ಯಾರೊಬ್ಬರಿಗೂ ಹುದ್ದೆ ಕೇಳಲಿಲ್ಲ. ಅರ್ಜಿ ನಮೂನೆಯನ್ನೇ ಪ್ರಶ್ನಿಸಲಾಗಿತ್ತು. ನಿಯಮವನ್ನು ಪ್ರಶ್ನಿಸುವಾಗ ಸಂಸ್ಥೆಯ ದನಿ ಸಾಕಾಗುತ್ತದೆ, ಸೌಲಭ್ಯ ಕೇಳುವಾಗ ಹೆಸರುಗಳು ಬೇಕು. ಲೆಕ್ಕವಿಲ್ಲದೆ ಸೌಲಭ್ಯ ನಿಲ್ಲದು ಎಂಬುದಕ್ಕೆ ಬಡ್ತಿ ಮೀಸಲಾತಿಯ ಬಿ.ಕೆ. ಪವಿತ್ರ ಪ್ರಕರಣ ಇನ್ನೊಂದು ಸಾಕ್ಷ್ಯ: 2017ರಲ್ಲಿ ಅಂಕಿ ಅಂಶವಿಲ್ಲವೆಂದು ಬಿದ್ದ ಸೇವಾ ಹಿರಿತನದ ಕಾನೂನು, ರತ್ನಪ್ರಭಾ ಸಮಿತಿ ಇಲಾಖಾವಾರು ಲೆಕ್ಕ ತೆಗೆದ ಮೇಲೆ ಹೊಸ ರೂಪದಲ್ಲಿ 2019ರ ಮೇ ತಿಂಗಳಲ್ಲಿ ನಿಂತಿತು.

ವಲಸೆ ಮತ್ತು ಪೌರತ್ವದ ವ್ಯಾಜ್ಯಗಳಲ್ಲಿ ಕಾಗದದ ಈ ಆಳ್ವಿಕೆ ಇನ್ನೂ ಕಠಿಣ. 1960ರಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ನೆಲೆ ಕೊಟ್ಟ ರಾಜ್ಯ ನಮ್ಮದು. ಆದರೂ ಇಲ್ಲಿ ಹುಟ್ಟಿ ಬೆಳೆದ ಟಿಬೆಟಿಯನ್ನರಿಗೆ ಪಾಸ್‌ಪೋರ್ಟ್ ಕಚೇರಿಗಳು ವಿದೇಶೀಯರೆಂದೇ ಉತ್ತರಿಸುತ್ತಿದ್ದವು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ದೆಹಲಿ ಹೈಕೋರ್ಟ್ 2010ರಲ್ಲಿ ಒಬ್ಬ ಯುವತಿಯ ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಲಿಂಗ್ ರಿಂಪೋಚೆಯವರ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದವು. ಆಮೇಲೂ ಕಚೇರಿಗಳು ಆ ತೀರ್ಪನ್ನು ಒಬ್ಬರದ್ದೆಂದೇ ಕಂಡವು. ಮುಂದಿನವರು ಮತ್ತೆ ತಮ್ಮ ಜನನ ಪ್ರಮಾಣಪತ್ರ ಹಿಡಿದು ಕೋರ್ಟಿಗೆ ಹೋಗಬೇಕಾಯಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಿದ ಮೇಲೆಯೇ, 2017ರಲ್ಲಿ, ವಿದೇಶಾಂಗ ಸಚಿವಾಲಯ ತನ್ನ ಕಚೇರಿಗಳಿಗೆ ಸೂಚನೆ ಕಳಿಸಿತು. ಕಾನೂನಿನ ಅರ್ಥ ಒಮ್ಮೆ ತೀರ್ಮಾನವಾದ ಮೇಲೂ ಪ್ರತಿಯೊಬ್ಬರನ್ನೂ ಕಟಕಟೆಗೆ ಎಳೆಯುವ ಸರ್ಕಾರದ ಈ ಅಭ್ಯಾಸ ನ್ಯಾಯವಲ್ಲ ಎಂದೇ ನಾನು ಹೇಳುತ್ತೇನೆ. ದಿನಗೂಲಿಗೂ ನಿರಾಶ್ರಿತನ ಮಗನಿಗೂ ಒಂದೇ ಬಗೆಯ ದಣಿವು ಇದು.

ಈಗ ಹತ್ತಿರದಿಂದ ನೋಡೋಣ. ಕ್ಯಾತ್ಸಂದ್ರ ಇಂದು ತುಮಕೂರು ಮಹಾನಗರ ಪಾಲಿಕೆಯೊಳಗಿದೆ. ಅಲ್ಲಿನ ಒಂದು ವಾರ್ಡಿನಲ್ಲಿ ಹದಿನೈದು ವರ್ಷದಿಂದ ಬೀದಿ ಗುಡಿಸುವ ಒಬ್ಬ ಹೆಣ್ಣುಮಗಳು ತನ್ನ ಸೇವೆ ಲೆಕ್ಕಕ್ಕೆ ಬರಬೇಕೆಂದು ಹೊರಟಳು ಎಂದುಕೊಳ್ಳಿ. ಮೊದಲ ಕೆಲವು ವರ್ಷ ಹಾಜರಾತಿ ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ. ಗುತ್ತಿಗೆದಾರ ಬದಲಾದಾಗ ಪುಸ್ತಕವೂ ಅವನ ಜೊತೆ ಹೋಗಿರುತ್ತದೆ. ಸಂಬಳ ಕೈಗೆ ಕೊಟ್ಟ ಕಾಲದ್ದಕ್ಕೆ ಹೆಬ್ಬೆಟ್ಟು ಒತ್ತಿದ ಹಾಳೆ ಎಲ್ಲಿದೆಯೋ ತಿಳಿಯದು. ಬ್ಯಾಂಕಿಗೆ ಬರಲು ಶುರುವಾದ ಮೇಲಿನದು ಪಾಸ್‌ಬುಕ್ಕಿನಲ್ಲಿದೆ. ಪಿಎಫ್ ಕಡಿತವಾಗಿದ್ದರೆ ಆ ಖಾತೆಯ ವಿವರವೇ ಅತ್ಯಂತ ಗಟ್ಟಿ ದಾಖಲೆ, ಏಕೆಂದರೆ ಅದನ್ನು ಕಚೇರಿ ಅಲ್ಲಗಳೆಯಲಾರದು. ಗುರುತಿನ ಚೀಟಿ, ಸಮವಸ್ತ್ರ ಕೊಟ್ಟ ರಸೀದಿ, ಲಸಿಕೆ ಶಿಬಿರದ ಪಟ್ಟಿಯಲ್ಲಿ ಹೆಸರು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಉಳಿದದ್ದನ್ನು 2005ರ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬೇಕು. ವಕೀಲರ ಮೇಜಿಗೆ ಹೋಗುವ ಮೊದಲೇ ಇಷ್ಟನ್ನು ಹೊಂದಿಸುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಬೆಂಬಲ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು: ಪ್ರತಿಭಟನೆಯ ದಿನ ಬಂದು ನಿಲ್ಲುವುದರ ಜೊತೆಗೆ, ವರ್ಷ ವರ್ಷವೂ ಈ ಕಾಗದಗಳನ್ನು ಕೂಡಿಟ್ಟುಕೊಡುವುದು.

ದುಡ್ಡಿನ ತೊಡಕಿಗೆ ಕಾನೂನಿನಲ್ಲಿಯೇ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೆಯ ಕಲಂ ಪ್ರಕಾರ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಆ ಅಧಿನಿಯಮದಲ್ಲಿ ನ್ಯಾಯಾಲಯ ಎಂದರೆ ನ್ಯಾಯಮಂಡಳಿಯೂ ಸೇರುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಹೋಗುವ ಅರ್ಜಿಗಳು ಹೆಚ್ಚಾಗಿ ಕೌಟುಂಬಿಕ ಇಲ್ಲವೇ ಕ್ರಿಮಿನಲ್ ಎಂದು ಜನ ತಿಳಿದಿದ್ದಾರೆ. ಸೇವಾ ವಿಷಯಕ್ಕೂ ಹೋಗಬಹುದು ಎಂದು ಸಂಘಗಳೇ ಹೇಳಿಕೊಡಬೇಕು.

2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದಶಕಗಳಿಂದ ಗುಡಿಸಿ ಒರೆಸಿದವರನ್ನು ಖಾಯಂ ಮಾಡಲು ಆದೇಶಿಸಿತು. ಉಮಾದೇವಿ ತೀರ್ಪನ್ನು ಸರ್ಕಾರಗಳು ದುಡಿದವರ ವಿರುದ್ಧವೇ ಬೀಸುತ್ತಿವೆ ಎಂದು ಅದು ಬೇಸರಪಟ್ಟಿತು. 2025ರ ಆಗಸ್ಟಿನ ಧರಂ ಸಿಂಗ್ ತೀರ್ಪು ಅದೇ ದಾರಿಯಲ್ಲಿ ಮುಂದೆ ನಡೆಯಿತು. ಎರಡರಲ್ಲೂ ಅರ್ಜಿದಾರರು ಬೆರಳೆಣಿಕೆಯ ಮಂದಿ, ಒಬ್ಬೊಬ್ಬರ ಸೇವಾ ವಿವರವೂ ಕೋರ್ಟಿನ ಕಣ್ಣ ಮುಂದಿತ್ತು. ಈ ತೀರ್ಪುಗಳ ಬಲದ ಮೇಲೆ ಕರ್ನಾಟಕದ ಪೌರಕಾರ್ಮಿಕರು, ಹೊರಗುತ್ತಿಗೆ ನೌಕರರು ಮತ್ತೆ ಅರ್ಜಿ ಹಾಕುವ ಕಾಲ ಬಂದಿದೆ. ಅದಕ್ಕೆ ಕಾಲಮಿತಿಯ ಲೆಕ್ಕ ನೆನಪಿರಬೇಕು. ಸರ್ಕಾರಿ ಹುದ್ದೆಯಲ್ಲಿರುವವರು ಕೆಎಟಿಗೆ ಹೋಗುವ ಮೊದಲು ಇಲಾಖೆಗೆ ಮನವಿ ಕೊಡಬೇಕು; ಅಂತಿಮ ಆದೇಶ ಬಂದರೆ ಅದರಿಂದ ಒಂದು ವರ್ಷ, ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು ಅಲ್ಲಿಂದ ಒಂದು ವರ್ಷ. ಮನವಿ ಕೊಟ್ಟ ದಿನದ ಸ್ವೀಕೃತಿ ಮೊಹರು ಇಲ್ಲದಿದ್ದರೆ ಈ ಗಡುವು ಎಲ್ಲಿಂದ ಶುರುವಾಯಿತು ಎಂದು ಯಾರಿಗೂ ತೋರಿಸಲಾಗುವುದಿಲ್ಲ. ತಾಲ್ಲೂಕು ಮಟ್ಟದ ಸಂಘಗಳು ಇವತ್ತೇ ಒಂದು ದಪ್ಪ ಪುಸ್ತಕ ತೆರೆದು, ಸದಸ್ಯರ ಹೆಸರಿನ ಎದುರು ಸೇರಿದ ದಿನ, ಹುದ್ದೆ ಮಂಜೂರಾದ ಆದೇಶದ ಸಂಖ್ಯೆ, ಮನವಿ ಕೊಟ್ಟ ದಿನ ಬರೆದಿಡಲು ಶುರುಮಾಡಿದರೆ, ಮುಂದಿನ ಪೀಠದ ಮುಂದೆ ಅವರನ್ನು ಅನಿರ್ದಿಷ್ಟರು ಎಂದು ಕರೆಯಲು ಸರ್ಕಾರದ ಪರ ವಕೀಲರಿಗೆ ಆಗುವುದಿಲ್ಲ.