ಪ್ಲಾಸ್ಟಿಕ್ ಕೈಚೀಲ

ಅಂಗಡಿ ಸಾಮಾನು ಒಯ್ಯಲು ಪಾಲಿಥಿನ್ ಹಾಳೆಯಿಂದ ಮಾಡುವ ಹಗುರ ಚೀಲ. ಕರ್ನಾಟಕದ ಸಂತೆ, ಅಂಗಡಿಗಳಲ್ಲಿ ‘ಕವರ್’ ಎಂದೇ ರೂಢಿ. ಇದು ಮಾರುಕಟ್ಟೆಯನ್ನು ಗೆದ್ದದ್ದೂ ಕಾನೂನಿನ ಕಣ್ಣಿಗೆ ಬಿದ್ದದ್ದೂ ತೆಳ್ಳಗಿದ್ದುದರಿಂದಲೇ.

1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಗಿಬ್ಸನ್ ಮತ್ತು ಫಾಸೆಟ್ ಬೇರೇನೋ ಪ್ರಯೋಗಕ್ಕೆ ಹೊರಟಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥಿನ್. ಮೊದಲ ದೊಡ್ಡ ಬಳಕೆ ಯುದ್ಧಕಾಲದ ರೇಡಾರ್ ತಂತಿಗಳ ಹೊದಿಕೆಯಾಗಿ. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲಿ ಇನ್ನೂ ಗಟ್ಟಿಯಾದ ಬಗೆಯನ್ನು ತಯಾರಿಸಿದರು. ಸ್ವೀಡನ್ನಿನ ಸೆಲ್ಲೋಪ್ಲಾಸ್ಟ್ ಕಂಪನಿಗಾಗಿ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ ಬನಿಯನ್ ಆಕಾರದ ಚೀಲಕ್ಕೆ 1965ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಹಾಳೆಯ ಕೊಳವೆಯನ್ನು ಮಡಿಸಿ, ಬೆಸೆದು, ಹಿಡಿಕೆ ಕತ್ತರಿಸಿದರೆ ಮುಗಿಯಿತು, ಹೊಲಿಗೆಯಿಲ್ಲ, ಅಂಟಿಲ್ಲ. 1980ರ ದಶಕದಲ್ಲಿ ಅಮೆರಿಕದ ದೊಡ್ಡ ಅಂಗಡಿಗಳು ಕಾಗದ ಬಿಟ್ಟು ಇದಕ್ಕೆ ಹೊರಳಿದವು. ನಮ್ಮಲ್ಲಿ ಹಸಿ ಮೀನಿಗೂ ಒದ್ದೆ ಸೊಪ್ಪಿಗೂ ಸೋರದ ಈ ಚೀಲದ ಮುಂದೆ ಕಾಗದದ ಪೊಟ್ಟಣ, ಮನೆಯಿಂದ ಒಯ್ಯುವ ಬಟ್ಟೆಚೀಲ ಎರಡೂ ಹಿಂದೆ ಸರಿದವು. ಪುಕ್ಕಟೆ ಸಿಗುವುದನ್ನು ಬೇಡವೆನ್ನುವವರು ಯಾರು?

ಬಿಸಾಡಿದ ಮೇಲಿನ ಲೆಕ್ಕವೇ ಬೇರೆ. ಗುಜರಿಯಲ್ಲಿ ಕಿಲೋ ಲೆಕ್ಕ. ಒಂದು ಕಿಲೋ ತೂಗಲು ನೂರಾರು ಚೀಲ ಬೇಕು, ಅವೂ ಮಣ್ಣು ಮೆತ್ತಿದವು. ಹಾಗಾಗಿ ಚಿಂದಿ ಆಯುವವರು ದಪ್ಪನೆಯ ಹಾಲಿನ ಪ್ಯಾಕೆಟ್ಟು, ನೀರಿನ ಬಾಟಲಿ ಹೆಕ್ಕುತ್ತಾರೆ. ತೆಳು ಕವರು ಚರಂಡಿಗೋ ಹಸುವಿನ ಹೊಟ್ಟೆಗೋ ಸೇರುತ್ತದೆ. ಬೆಂಗಳೂರಿನ ನಾಯಂಡಹಳ್ಳಿಯಂಥ ಗುಜರಿ ಕೇಂದ್ರಗಳನ್ನು ತಲುಪುವ ಪ್ಲಾಸ್ಟಿಕ್ ಅನ್ನು ಬಗೆಬಗೆಯಾಗಿ ವಿಂಗಡಿಸಿ, ಚೂರು ಮಾಡಿ, ತೊಳೆದು, ಕರಗಿಸಿ ಮಣಿಗಳಾಗಿಸುತ್ತಾರೆ. ಬಣ್ಣ ಬೆರೆತ ಹಳೆಯ ಚೀಲ ಮತ್ತೆ ಬಿಳಿ ಚೀಲವಾಗದು. ಕಪ್ಪು ಪೈಪೋ ಕಸದ ಚೀಲವೋ ಆದೀತು. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಆರ್. ವಾಸುದೇವನ್ ಕಾದ ಜಲ್ಲಿಗೆ ಪ್ಲಾಸ್ಟಿಕ್ ಚೂರು ಲೇಪಿಸಿ ಡಾಂಬರು ಬೆರೆಸುವ ವಿಧಾನ ಕಂಡುಕೊಂಡರು; ಬೆಂಗಳೂರಿನ ರಸ್ತೆಗಳಿಗೂ ಪ್ಲಾಸ್ಟಿಕ್ ಬೆರೆಸಲಾಗಿದೆ. ಇದನ್ನು ಮರುಬಳಕೆ ಎನ್ನುವುದಕ್ಕಿಂತ ಕೊನೆಯ ವಿಲೇವಾರಿ ಎನ್ನುವುದೇ ಸರಿ.

ಪ್ರವಾಹದ ನೀರು ಹರಿಯದಂತೆ ಚರಂಡಿಗಳು ಕಟ್ಟಿಕೊಂಡ ಅನುಭವದಿಂದ ಬಾಂಗ್ಲಾದೇಶ 2002ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಅದೇ ವರ್ಷ ಐರ್ಲೆಂಡ್ ಚೀಲವೊಂದಕ್ಕೆ 15 ಸೆಂಟ್ ಸುಂಕ ಹಾಕಿದ್ದೇ ತಡ, ಬಳಕೆ ಸುಮಾರು ಶೇ. 90ರಷ್ಟು ಇಳಿಯಿತು. ಭಾರತ ಹಿಡಿದದ್ದು ದಪ್ಪದ ದಾರಿ. ಕನಿಷ್ಠ ಮಿತಿ 2011ರಲ್ಲಿ 40 ಮೈಕ್ರಾನ್, 2016ರಲ್ಲಿ 50, 2021ರ ಸೆಪ್ಟೆಂಬರಿನಲ್ಲಿ 75, 2022ರ ಕೊನೆಗೆ 120 ಆಯಿತು. ತರಕಾರಿ ಗಾಡಿಯ ಮುಂದೆ ನಿಂತು ಮೈಕ್ರಾನ್ ಅಳೆಯುವುದು ಯಾವ ಅಧಿಕಾರಿಗೂ ಸುಲಭವಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲಿ ಈ ಅಳತೆಯನ್ನೇ ಬದಿಗಿಟ್ಟು, ದಪ್ಪ ಎಷ್ಟೇ ಇರಲಿ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು.

ಆ ಜಾಗಕ್ಕೆ ಬಂದ ಬಣ್ಣದ ‘ನಾನ್ ವೋವನ್’ ಚೀಲ ಮುಟ್ಟಿದರೆ ಬಟ್ಟೆಯಂತಿದ್ದರೂ ಪಾಲಿಪ್ರೊಪಿಲೀನ್ ಎಳೆಗಳದೇ. ಕೇಂದ್ರದ 2021ರ ತಿದ್ದುಪಡಿ ಅದಕ್ಕೂ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕ ಗೊತ್ತುಮಾಡಿದೆ.